ಅಳಿಸಿದ ಚುಕ್ಕಿ

ಅಕ್ಕಾ,

ಇವತ್ತಿನ ಸಭೆಯಲ್ಲಿ ನಿಮ್ಮ ಚುಕ್ಕಿ ಗೋಡೆಯ ಮೇಲೆ ದೊಡ್ಡದಾಗಿ ಬಂತು. ಆಕಾಶದ ಆ ಎಕ್ಸ್-ರೇ ಮಿಂಚು ಆರಿದ ಮೇಲೆ, ಬೆಳಕಿನ ದೂರದರ್ಶಕದವರು ಏನೂ ಕಾಣುತ್ತಿಲ್ಲವೆಂದು ಕೈಚೆಲ್ಲಿದ್ದರು. ಉಳಿದ ಹೊಳಪನ್ನು ರೇಡಿಯೋ ಅಲೆಯಲ್ಲಿ ಹಿಡಿದವರು ನೀವೊಬ್ಬರೇ.

ಅವತ್ತು ನಮ್ಮ ಮುಖ್ಯಸ್ಥರು ನೀವು ಗುರುತಿಸಿದ ಆ ಚುಕ್ಕಿಯನ್ನು ನಕ್ಷೆಯಿಂದ ಅಳಿಸಿ, "ಕ್ಯಾಂಟೀನಲ್ಲಿ ಯಾರೋ ಊಟ ಬಿಸಿ ಮಾಡಿರ್ಬೇಕು ಕಣಮ್ಮ, ನಿಮ್ಮ ಆಂಟೆನಾ ಆ ಮೈಕ್ರೋವೇವ್ ಹಿಡಿದಿದೆ" ಅಂದಿದ್ದರು. ನಾವೆಲ್ಲ ನಕ್ಕಿದ್ದೆವು.

ಈಗ ಅವರ ಹೊಸ ಸಿದ್ಧಾಂತಕ್ಕೆ ಆ ಚುಕ್ಕಿಯೇ ಆಧಾರವಂತೆ. ಎಲುಬಿಲ್ಲದ ನಾಲಿಗೆ ನೋಡಿ, "ನಂಗೆ ಅವತ್ತೇ ಗೊತ್ತಿತ್ತು, ಬಿಡಬೇಡ ಅಂತ ಅವಳಿಗೆ ಹೇಳಿದ್ದೇ ನಾನು" ಅಂದರು. ನಿಮ್ಮ ಹೆಸರಿನ ಹಿಂದೆ 'ದಿವಂಗತ' ಸೇರಿಸಿ, ಎಲ್ಲರನ್ನೂ ಎಬ್ಬಿಸಿ ಮೌನವಾಗಿ ನಿಲ್ಲಿಸಿದರು. ಆ ಮೌನದಲ್ಲೂ ಹಿಂದಿನ ಸಾಲಿನಲ್ಲಿ ಯಾರೋ ಬಿಸ್ಕತ್ತು ಅಗಿಯುತ್ತಿದ್ದರು.

ಅಷ್ಟರಲ್ಲಿ ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. ಬೆವರಿದ, ಭಾರವಾದ ಕೈ.

"ಅವತ್ತು ಇವನೂ ಇದ್ದ. ನಾನು ಅವಳಿಗೆ ಎಷ್ಟು ಬೆಂಬಲ ಕೊಟ್ಟೆ ಅಂತ ನೀನೇ ಹೇಳಪ್ಪ."

"ಹೌದು ಸರ್" ಅಂದೆ.