ನೀರು ಆರುವ ಮುನ್ನ

ಜನವರಿ 6, ಸಂಜೆ

ಎಂದಿನಂತೆ ಸೋಪು, ಸ್ಪಿರಿಟ್, ಬೆರಳ ತುದಿಗೆ ಪೌಡರ್. ಆಮೇಲೆ ಚೂರಿನ ಪರೀಕ್ಷೆ. ಸಂಗ್ರಹಾಲಯದ ದುರಸ್ತಿ ಕೋಣೆಯ ಬಾಗಿಲಲ್ಲಿ ರೇಷ್ಮೆಯ ಚೂರೊಂದು ತೂಗುತ್ತಿರುತ್ತದೆ. ಒಳಗೆ ಬರುವವರು ಅದನ್ನು ಬೆರಳ ಮೇಲೆ ಎಳೆದುಕೊಳ್ಳಬೇಕು. ಜಾರಿದರೆ ಕೆಲಸಕ್ಕೆ. ತೊಡರಿದರೆ ಅಂದು ಮೇಜು ಮುಟ್ಟುವಂತಿಲ್ಲ. ಇಷ್ಟು ವರ್ಷ ಜಾರುತ್ತಲೇ ಇತ್ತು. ಇವತ್ತು ಹೆಬ್ಬೆರಳ ಬಳಿ ಸಣ್ಣಗೆ ಸರ್ ಎಂದು ತೊಡರಿತು. ಇನ್ನಷ್ಟು ಪೌಡರ್ ಹಚ್ಚಿದೆ. ಜಾರಿತು.

ಮೇಜಿನ ಮೇಲೆ ನದಿ ಮಲಗಿದೆ. ರೇಷ್ಮೆಯಲ್ಲಿ ನೇಯ್ದ ಹಳೆಯ ನಕಾಶೆ. ಸಮುದ್ರ ಸೇರುವ ಕಡೆ ಚಿಂದಿಯಾಗಿದೆ. ಕೂದಲಿನಷ್ಟು ಸಣ್ಣ ದಾರದಲ್ಲಿ ಹೊಲಿಯುತ್ತಿದ್ದೇನೆ. ಗ್ಲೌಸ್ ಹಾಕಿದರೆ ದಾರ ಕೈಗೆ ತಿಳಿಯದು. ಮಾರ್ಚ್‌ನಲ್ಲಿ ಪ್ರದರ್ಶನ. ನದಿಯನ್ನು ಸಮುದ್ರಕ್ಕೆ ಮುಟ್ಟಿಸುವವಳು ನಾನೇ ಆಗಬೇಕು... ಇಷ್ಟು ಆಸೆ ಬಹಳ ದಿನದಿಂದ ಯಾವುದರ ಮೇಲೂ ಇರಲಿಲ್ಲ.

ಜನವರಿ 9

ಆಗಬಾರದ್ದು ಆಯಿತು. ಹೆಬ್ಬೆರಳ ಸಿಪ್ಪೆಗೆ ಸಿಕ್ಕಿ ನದಿಯ ಎಳೆಯೊಂದು ಕಿತ್ತು ಬಂತು. ನೀಲಿ ಎಳೆ. ಕೂಡಲೇ ಹೇಳಿದೆ. ನಮ್ಮ ಮುಖ್ಯಸ್ಥೆ, ಎಲ್ಲರಿಗೂ ‘ಮೇಡಂ’, ಭೂತಗನ್ನಡಿಯಲ್ಲಿ ಮೊದಲು ಬಟ್ಟೆ ನೋಡಿದರು, ಆಮೇಲೆ ನನ್ನ ಬೆರಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಎಳೆಯನ್ನು ಚಿಮುಟದಲ್ಲಿ ಎತ್ತಿ ಗಾಜಿನ ಡಬ್ಬಿಗೆ ಹಾಕಿದರು.

“ಕೈ ಸರಿಯಾಗಲಿ. ಫೆಬ್ರವರಿ ಕೊನೆವರೆಗೂ ಕಾಯ್ತೀನಿ. ಆಮೇಲೆ ಬೇರೆಯವರಿಗೆ ಕೊಡ್ಬೇಕಾಗುತ್ತೆ.”

ನಾಳೆಯಿಂದ ಹೊರಗಿನ ಕೋಣೆ. ವಸ್ತುಗಳಿಗೆ ಹೆಸರಿನ ಚೀಟಿ ಬರೆಯುವ ಕೆಲಸ.

ಜನವರಿ 11

ಅತ್ತೆ ನನ್ನ ಕೈ ಹಿಡಿದು ನೋಡಿ, ಇನ್ನು ಮನೆಗೆ ತುರಿಯುವ ಮಣೆ ಬೇಡ ಎಂದರು. ಇವರು ಪೇಪರ್ ಹಿಂದೆ ನಕ್ಕಿದ್ದು ಕೇಳಿಸಿತು. ಮಲಗುವಾಗ ಕೈಗೆ ಎಣ್ಣೆ ಸುರಿದುಕೊಂಡೆ. ಬೆಳಿಗ್ಗೆ ನೋಡಿದರೆ ಎಣ್ಣೆ ಮೇಲೆ, ಬಿರುಕು ಕೆಳಗೆ. ಎರಡಕ್ಕೂ ಪರಿಚಯವೇ ಇಲ್ಲದ ಹಾಗೆ.

ಕವಿತೆಯ ಪುಸ್ತಕ ತೆರೆದೆ. ಬೆರಳಿಗೆ ಪುಟ ಹತ್ತಲಿಲ್ಲ.

ಜನವರಿ 17

ಚರ್ಮದ ಡಾಕ್ಟರ್. ಮಗಳ ವಯಸ್ಸಿನವರು. ಔಷಧಿಗಿಂತ ಪ್ರಶ್ನೆಯೇ ಹೆಚ್ಚು. ಸ್ನಾನದ ನೀರು ಎಷ್ಟು ಬಿಸಿ? ಕೆಲಸದ ಜಾಗದ ಗಾಳಿ ಹೇಗೆ? ನೀರು ಕುಡಿಯುತ್ತೀರಾ? ಮುಟ್ಟು ನಿಲ್ಲುತ್ತಾ ಬಂತೇ? ಎಲ್ಲ ಹೇಳಿದೆ. ರೇಷ್ಮೆಗೆ ಬೂಸು ಹಿಡಿಯದಿರಲೆಂದು ಕೋಣೆಯ ತೇವವನ್ನು ಯಂತ್ರ ಹೀರುತ್ತದೆ. ಒಳಗೆ ನೀರಿನ ಬಾಟಲಿ ಒಯ್ಯುವಂತಿಲ್ಲ. ಹೊರಗೆ ಬಂದರೆ ಮತ್ತೆ ಕೈತೊಳೆಯುವ ಶಾಸ್ತ್ರವೆಲ್ಲ ಮೊದಲಿನಿಂದ, ಹಾಗಾಗಿ ಬಾಯಾರಿಕೆಯನ್ನೇ ಮರೆತಿದ್ದೇನೆ. ಸ್ಪಿರಿಟ್, ಪೌಡರ್ ಎಂದಾಗ ಅವರು ಪೆನ್ನು ಕೆಳಗಿಟ್ಟರು.

“ನಿಮ್ಮ ಚರ್ಮದಲ್ಲಿ ನೀರೇ ಉಳಿದಿಲ್ಲ. ಒಣ ಕೈಗೆ ಎಣ್ಣೆ ಹಚ್ಚೋದು ಖಾಲಿ ಕೊಡಕ್ಕೆ ಮುಚ್ಚಳ ಹಾಕಿದ ಹಾಗೆ.”

ಮತ್ತೆ ಪೆನ್ನೆತ್ತಿ ಔಷಧಿ ಚೀಟಿ ಗೀಚುತ್ತಲೇ ಆಡಿದ ಮಾತು. ನಾನು ದಾರಿಯುದ್ದಕ್ಕೂ ಅದನ್ನೇ ಹೇಳಿಕೊಳ್ಳುತ್ತಾ ಬಂದೆ.

ಹೇಳಿದ್ದು ಇಷ್ಟು: ಉಗುರುಬೆಚ್ಚಗಿನ ನೀರು, ಬೇಗ ಮುಗಿಯುವ ಸ್ನಾನ. ಕ್ಷಾರ ಹೆಚ್ಚಿರುವ ಸೋಪು ಬೇಡ. ಟವೆಲ್‌ನಿಂದ ಉಜ್ಜದೆ ಒತ್ತಿಕೊಳ್ಳುವುದು. ಚರ್ಮ ಇನ್ನೂ ಒದ್ದೆಯಿರುವಾಗಲೇ ಗ್ಲಿಸರಿನ್ ಇರುವ ಕ್ರೀಮ್. ಮಲಗುವಾಗ ಅದರ ಮೇಲೆ ದಪ್ಪ ಮುಲಾಮು, ಹತ್ತಿಯ ಗ್ಲೌಸ್. ಬಾಯಾರಿದಾಗ ನೀರು ಕುಡಿಯಬೇಕು, ಆದರೆ ಬರೀ ಕುಡಿದರೆ ಬೆರಳಿಗೆ ಬಂದು ಸೇರುವುದಿಲ್ಲ. ಇರುವುದು ಹಾರಿಹೋಗದಂತೆ ಕಾಯಬೇಕು.

ಜನವರಿ 19, ರಾತ್ರಿ

ಪಾತ್ರೆ ತೊಳೆಯುವುದು ಇವರ ಪಾಲಿಗೆ ಬಂತು. ಗ್ಲೌಸ್ ಹಾಕಿಕೊಂಡು ಪುಟ ತಿರುಗಿಸಲಾಗದೆಂದು ಕವಿತೆ ಓದುವುದೂ. ಪ್ರೀತಿಯ ಕವಿತೆಯನ್ನು ಕರೆಂಟ್ ಬಿಲ್ಲಿನಂತೆ ಓದುತ್ತಾರೆ. ಸಾಲಿನ ಕೊನೆಗೆ ನಿಲ್ಲಿ ಎಂದೆ.

“ಯಾಕೆ? ಮಾತು ಇನ್ನೂ ಮುಗಿದೇ ಇಲ್ವಲ್ಲ.”

ಇಪ್ಪತ್ತು ವರ್ಷದಿಂದ ಓದುತ್ತ ಬಂದ ಕವಿತೆ. ಅವರ ಬಾಯಲ್ಲಿ ಹೊಸದಾಗಿ ಕೇಳಿಸಿತು.

ಜನವರಿ 29

ಮನೆಯಲ್ಲೇ ಹಳೆ ರೇಷ್ಮೆಯ ಚೂರೊಂದನ್ನು ಎಳೆದು ನೋಡಿದೆ. ಸರ್. ಹತ್ತರಲ್ಲಿ ಆರು ಬೆರಳು. ಇಷ್ಟೆಲ್ಲ ಮಾಡಿಯೂ! ಸಿಟ್ಟಿನಲ್ಲಿ ಗೀಸರ್ ಜೋರು ಮಾಡಿ ಕುದಿಯುವ ನೀರಿನಡಿ ನಿಂತೆ. ಹಾಯಾಗಿತ್ತು. ಸಂಜೆಗೆ ಮುಂಗೈಯೆಲ್ಲ ಕೆಂಪು, ನವೆ. ಅತ್ತೆ ಕ್ರೀಮಿನ ಡಬ್ಬಿ ತಂದು ಬಚ್ಚಲ ಕಿಟಕಿಯಲ್ಲಿ, ಕೈಗೆ ಎಟುಕುವಲ್ಲಿ ಇಟ್ಟರು.

ಫೆಬ್ರವರಿ 12

ಬರೆಯಲು ಏನೂ ಇರಲಿಲ್ಲ. ತೊಳೆ, ಒತ್ತು, ಹಚ್ಚು. ಅಷ್ಟೇ. ಹೆಬ್ಬೆರಳ ಬಿರುಕು ಮುಚ್ಚಿದೆ. ಯಾವಾಗ ಮುಚ್ಚಿತೋ ಕಾಣಲಿಲ್ಲ.

ಇವತ್ತು ಧೈರ್ಯ ಮಾಡಿ ಮೇಡಂ ಬಳಿ ಹೋದೆ. ಕೈ ವಾಸಿಯಾದರೂ ಮತ್ತೆ ಅದೇ ಸ್ಪಿರಿಟ್, ಅದೇ ಪೌಡರ್ ಆದರೆ ಏನು ಬಂತು? ಡಾಕ್ಟರ್ ಹೇಳಿದ್ದೆಲ್ಲ ಹೇಳಿದೆ. ಕ್ರೀಮ್ ಮನೆಯಲ್ಲೇ ಹಚ್ಚುತ್ತೇನೆ, ಇಲ್ಲಿ ಬರೀ ನೀರಿನಲ್ಲಿ ತೊಳೆದು ಒತ್ತಿಕೊಂಡರೆ ಸಾಲದೇ? ನಕಾಶೆಗೆ ಜಿಡ್ಡು ತಾಗದು. ಈ ಪೌಡರ್ ನಿಯಮ ಬಂದದ್ದಾದರೂ ಹೇಗೆ?

ಮೇಡಂ ಯಾವಾಗಲೂ ಹಾಕಿಕೊಂಡೇ ಇರುವ ತಮ್ಮ ಗ್ಲೌಸ್ ಕಳಚಿದರು. ನನ್ನದಕ್ಕಿಂತ ಕೆಟ್ಟಿದ್ದ ಕೈ. ಅವರು ಹೊಲಿಗೆ ಬಿಟ್ಟು ಮೇಲ್ವಿಚಾರಣೆಗೆ ಸರಿದದ್ದು ಕಣ್ಣಿನ ದೋಷದಿಂದ ಎಂದೇ ನಾವೆಲ್ಲ ತಿಳಿದಿದ್ದೆವು.

“ನಮ್ಮ ಗುರುಗಳು ಮಾಡಿದ ನಿಯಮ. ಅವರಿಗೆ ಅಂಗೈ ತುಂಬಾ ಬೆವರ್ತಿತ್ತು.”

ಒಬ್ಬರ ಬೆವರಿಗೆ ನಾವೆಲ್ಲ ಇಷ್ಟು ವರ್ಷ ಒಣಗಿದೆವು. ಇಬ್ಬರೂ ನಗತೊಡಗಿದೆವು. ಮೇಡಂ ಕಣ್ಣೊರೆಸಿಕೊಂಡರು. ನಗುವಿಗೋ ಏನೋ. ಸ್ಪಿರಿಟ್ ಮತ್ತು ಪೌಡರ್ ಡಬ್ಬಿ ಕಪಾಟು ಸೇರಿದವು. ಡಾಕ್ಟರ್ ನಂಬರ್ ಬರೆದುಕೊಟ್ಟೆ.

ಫೆಬ್ರವರಿ 24

ಬಾಗಿಲಲ್ಲಿ ಮೇಡಂ ತಾವೇ ಚೂರು ಹಿಡಿದು ನಿಂತಿದ್ದರು. ಒಂದೊಂದೇ ಬೆರಳು. ಹೆಬ್ಬೆರಳಿಗೆ ಬಂದಾಗ ಉಸಿರು ಹಿಡಿದೆ. ಸದ್ದಿಲ್ಲ. ಮತ್ತೊಮ್ಮೆ ಎಳೆದರು. ಸದ್ದಿಲ್ಲ.

ಗಾಜಿನ ಡಬ್ಬಿ ನನ್ನ ಮುಂದಿಟ್ಟು ಹೋದರು. ನೀಲಿ ಎಳೆ ಅದರಲ್ಲೇ ಇತ್ತು. ಮಧ್ಯಾಹ್ನದವರೆಗೆ ಅದೊಂದೇ ಕೆಲಸ. ಕಿತ್ತು ಬಂದ ಜಾಗಕ್ಕೇ ಮಲಗಿಸಿ ಹೊಲಿದೆ. ಮಧ್ಯೆ ಒಮ್ಮೆ ಹೊರಗೆ ಬಂದು ನೀರು ಕುಡಿದೆ.

ಫೆಬ್ರವರಿ 27, ಸಂಜೆ

ನದಿ ಸಮುದ್ರ ಮುಟ್ಟಿತು. ಕೊನೆಯ ಗಂಟು ಹಾಕುವಾಗ ಮೇಡಂ ಪಕ್ಕದಲ್ಲಿ ಕೂತಿದ್ದರು. ಗ್ಲೌಸ್ ಇರಲಿಲ್ಲ.

ಈಗಷ್ಟೇ ಕೈ ತೊಳೆದು ಬಂದೆ. ಪೆನ್ನು ಹಿಡಿದಲ್ಲಿ ಪುಟ ತುಸು ಒದ್ದೆ. ಅತ್ತೆ ಸ್ನಾನ ಮುಗಿಸಿ, ಬಿರಿದ ಕಾಲು ಒರೆಸಿಕೊಳ್ಳದೆ ಕೂತಿದ್ದಾರೆ. ಅವರಿಗೂ ಈಗ ಕ್ರೀಮ್ ಹಚ್ಚಬೇಕಂತೆ.

“ನೀರು ಆರ್ತಾ ಇದೆ ಕಣೇ. ಬರ್ತೀಯೋ, ಇಲ್ಲ ಅಲ್ಲೇ ಕೂತು ಬರೀತೀಯೋ?”

ಬಂದೆ ಎಂದೆ. ಉಳಿದದ್ದು ಆಮೇಲೆ... ಕೈ ಇನ್ನೂ ಒದ್ದೆ ಇರುವಾಗಲೇ—