ಹೆಲ್ಮೆಟ್ ಚಿಕ್ಕಮ್ಮ

ಮಾರ್ಚ್ 3, ಬೆಳಿಗ್ಗೆ

ಎರಡು ಜಡೆ. ಬಿಗಿಯಾಗಿ ಹೆಣೆದು, ಹಿಂದಲೆಗೆ ಸುತ್ತಿ, ಪಿನ್ನು. ಅದರ ಮೇಲೆ ಹೆಲ್ಮೆಟ್. ದಿನಾ ಇದೇ. ಬುಗುರಿ ಇವತ್ತೂ ಗೊಣಗಿದಳು.

“ಚಿಕ್ಕೀ, ಅಷ್ಟು ಎಳೀಬೇಡ. ಮೆದುಳು ಕಿತ್ಕೊಂಡು ಬರತ್ತೆ.”

“ಇದ್ರೆ ತಾನೇ ಬರೋದು.”

ನನಗೆ ಬೆನ್ನು ಹಾಕಿ ಕೂತಿದ್ದಳು. ಭುಜ ಅಲುಗಿತು, ನಕ್ಕಳೆಂದು ಗೊತ್ತಾಯಿತು. ಆಮೇಲೆ ಶಾಲೆಯ ಸುದ್ದಿ, ಗಣಿತದ ಟೀಚರ್ ಮೇಲೆ ದೂರು, ಯಾರೋ ಗೆಳತಿ ಠೂ ಬಿಟ್ಟಿದ್ದು... ಎಲ್ಲ ಜಡೆ ಮುಗಿಯುವಷ್ಟರಲ್ಲಿ. ಮಿಕ್ಕ ದಿನವೆಲ್ಲ ಬಾಯಿಗೆ ಬೀಗ. ಮುಖ ಎದುರಿಗಿಲ್ಲದಿದ್ದರೆ ಮಾತು ಸಲೀಸು. ನನ್ನ ಸಲೂನಿನ ಕುರ್ಚಿಯಲ್ಲಿ ಕೂರುವ ಹೆಂಗಸರೂ ಹಾಗೇ. ಗಂಡನಿಗೆ ಹೇಳದ್ದನ್ನು ನನ್ನ ಕತ್ತರಿಗೆ ಹೇಳಿ ಹೋಗುತ್ತಾರೆ.

ಹನ್ನೊಂದು ತುಂಬಿತು ಇವಳಿಗೆ. ಅವಳಮ್ಮ, ನನ್ನ ಅಕ್ಕ, ತೀರಿಕೊಂಡಾಗ ನಾಲ್ಕು. ಭಾವ ಹಡಗಿನಲ್ಲಿ ಇಂಜಿನಿಯರ್, ನೆಲದ ಮೇಲೆ ಕಾಣಿಸುವುದೇ ಅಪರೂಪ. ಹೀಗೆ ಅವಳಿಗೆ ನಾನು, ನನಗೆ ಅವಳು. ಸ್ಕೇಟ್ ಬೋರ್ಡು ಬಗಲಿಗಿಟ್ಟು ಅವಳು ಮೆಟ್ಟಿಲಿಳಿದ ಮೇಲೆ ಮನೆ ಒಮ್ಮೆಲೇ ದೊಡ್ಡದಾಗುತ್ತದೆ. ಇರುವುದು ಎರಡೇ ರೂಮು, ಆದರೂ.

ಮಾರ್ಚ್ 8, ಶನಿವಾರ

ಸಂಜೆ ಸ್ಕೇಟ್ ಪಾರ್ಕಿಗೆ ಹೋದೆ. ಸಿಮೆಂಟಿನ ದೊಡ್ಡ ಬೋಗುಣಿಯಂಥ ಹಳ್ಳ, ‘ಬೌಲ್’ ಅನ್ನುತ್ತಾರೆ. ಈ ಅಂಚಿನಿಂದ ಇಳಿದು, ಎದುರಿನ ಅಂಚಿನಿಂದ ಚಿಮ್ಮಿ, ಗಾಳಿಯಲ್ಲೇ ಒಂದೂವರೆ ಸುತ್ತು ತಿರುಗಿ ಮತ್ತೆ ಒಳಗೆ. ಬುಗುರಿ ಎಂದು ಹೆಸರಿಟ್ಟಿದ್ದೇ ಕೋಚು. ಇವಳ ವಯಸ್ಸಿನವರು ಯಾರೂ ಇಲ್ಲಿ ಅದನ್ನು ಮಾಡಿಲ್ಲವಂತೆ. ಅವಳು ಗಾಳಿಯಲ್ಲಿರುವಷ್ಟು ಹೊತ್ತು ನನಗೆ ಉಸಿರಿಲ್ಲ. ಬೋರ್ಡಿನ ಗಾಲಿ ಸಿಮೆಂಟಿಗೆ ತಾಗಿದ ಸದ್ದು ಕೇಳಿದ ಮೇಲೇ ಜೀವ ಬರುವುದು.

ಕೋಚ್ ಪಕ್ಕಕ್ಕೆ ಬಂದು ಕೂತರು. ಮುಂದಿನ ತಿಂಗಳು ತಂಡದ ಆಯ್ಕೆ. ಅದಕ್ಕೂ ಮೊದಲು ಶೂ ಕಂಪನಿಯವರು ಬುಗುರಿಯ ವಿಡಿಯೋ ಮಾಡಲು ಬರುತ್ತಾರಂತೆ.

“ಹೆಲ್ಮೆಟ್ ಇಲ್ದೆ ಬೇಕಂತೆ ಮೇಡಂ. ಆ ಕೂದಲು ಹಾರೋದು ಕಾಣ್ಬೇಕಂತೆ.”

“ಕೂದಲು ಬೇಕಾದ್ರೆ ಸಲೂನಿಗೆ ಬರಲಿ.”

“ನಿಮಗೆ ತಮಾಷೆ. ನಾನು ಇಪ್ಪತ್ತು ವರ್ಷ ಬರೀ ತಲೇಲಿ ಆಡ್ದೋನು. ನಾವು ಮೊದಲು ಬೀಳೋದು ಕಲಿಸ್ತೀವಿ. ಭಯ ತಲೇಲಿ ಕೂತ್ರೆ ಕಾಲು ಏಳಲ್ಲ.”

ಒಳ್ಳೆಯ ಮನುಷ್ಯ. ಮಾತಿನಲ್ಲಿ ಹುರುಳಿಲ್ಲವೆಂದೂ ಅಲ್ಲ. ಆದರೆ ಸಲೂನಿಗೆ ಒಬ್ಬ ಹುಡುಗನನ್ನು ಅವನ ತಾಯಿ ಕೂದಲು ಕತ್ತರಿಸಲು ಕರೆತರುತ್ತಾಳೆ. ಸೈಕಲ್ಲಿನಿಂದ ಬಿದ್ದವನು. ಕಿವಿಯ ಮೇಲೆ ನನ್ನ ಹೆಬ್ಬೆರಳು ಕೂರುವಷ್ಟು ಹಳ್ಳ. ಬಂದಾಗಲೆಲ್ಲ ನನ್ನನ್ನು ಹೊಸಬಳ ಹಾಗೆ ನೋಡಿ ಹೆಸರು ಕೇಳುತ್ತಾನೆ. ಇದನ್ನು ಕೋಚಿಗೆ ಹೇಳೋಣವೆಂದುಕೊಂಡೆ. “ಆಗಲ್ಲ” ಅಂದೆ ಅಷ್ಟೇ.

ಮಾರ್ಚ್ 10

ಪೋಷಕರ ಗ್ರೂಪಿನಲ್ಲಿ ದೊಡ್ಡ ಗಲಾಟೆ. ಶುರು ಮಾಡಿದ್ದು ನಾನೇ— ಮಕ್ಕಳಿಗೆಲ್ಲ ಹೆಲ್ಮೆಟ್ ಕಡ್ಡಾಯ ಮಾಡಿ ಎಂದು ಬರೆದೆ. ವಕೀಲರೊಬ್ಬರಿದ್ದಾರೆ, ಅವರ ಮೆಸೇಜು ಓದಿ ಮುಗಿಸುವಷ್ಟರಲ್ಲಿ ಟೀ ಆರಿಹೋಯಿತು. ಹತ್ತು ದಾಟಿದ ಮಕ್ಕಳಿಗೆ ಪಾರ್ಕಿನ ನಿಯಮದಲ್ಲಿ ಕಡ್ಡಾಯವಿಲ್ಲ, ಆಯ್ಕೆ ಮಗುವಿನದು ಎಂಬುದೇ ಅದರ ಸಾರ. ಅವಳಿ ಮಕ್ಕಳ ತಾಯಿ ಬರೆದಳು: ‘ನಮ್ಮ ಕಾಲದಲ್ಲಿ ಮರದಿಂದ ಬಿದ್ದೂ ಬದುಕಲಿಲ್ವಾ?’

ನಾನು ಬರೆದೆ: ‘ಬದುಕಿದವರು ಮಾತ್ರ ಈ ಗ್ರೂಪಿನಲ್ಲಿದ್ದೀವಿ.’

ಸ್ವಲ್ಪ ಹೊತ್ತಿಗೆ ಒಬ್ಬ ತಾಯಿ ನನಗೆ ಮಾತ್ರ ಮೆಸೇಜು ಮಾಡಿದಳು— ‘ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಗ್ರೂಪಲ್ಲಿ ನನ್ನ ಹೆಸರು ಎತ್ತಬೇಡಿ.’ ಎಂಥ ಬೆಂಬಲವಪ್ಪಾ.

ಬುಗುರಿಯ ಹಳೆಯ ವಿಡಿಯೋ ಒಂದಿದೆ, ಹೆಲ್ಮೆಟ್ ಕೊಡಿಸುವ ಮುಂಚಿನದು. ಗಾಳಿಯಲ್ಲಿ ಅವಳು, ಅವಳ ಹಿಂದೆ ಕೂದಲು. ಇವತ್ತು ಮತ್ತೆ ಮತ್ತೆ ನೋಡಿದೆ. ಎಷ್ಟು ಚಂದ. ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ ಆ ಕೂದಲು ಬೆಳೆಸಿದವಳು ನಾನು, ನನಗೆ ಆಸೆಯಿಲ್ಲವೇ? ಇದನ್ನು ಹೇಳಿಕೊಳ್ಳಲು ಮನೆಯಲ್ಲಿ ಇನ್ನೊಂದು ದೊಡ್ಡ ಜೀವವಿಲ್ಲ. ಅದಕ್ಕೇ ಇಲ್ಲಿ ಬರೆದದ್ದು.

ಮಾರ್ಚ್ 12, ಬೆಳಿಗ್ಗೆ

ಅರ್ಧ ಜಡೆಯಾಗಿತ್ತು. “ಶೂ ಕಂಪನಿಯವ್ರು ದೊಡ್ಡ ಬ್ಯಾಚಿನ ಹುಡುಗೀನ ತಗೊಂಡ್ರು. ನಿನ್ನಿಂದ.”

“ತಲೆ ನೆಟ್ಟಗಿದ್ರೆ ಇನ್ನೊಂದು ಕಂಪನಿ ಬರತ್ತೆ ಬಿಡು.”

“ಪಾರ್ಕಲ್ಲಿ ನಿನ್ನ ಏನಂತ ಕರೀತಾರೆ ಗೊತ್ತಾ? ಹೆಲ್ಮೆಟ್ ಚಿಕ್ಕಮ್ಮ. ನಿದ್ದೇಲೂ ಹಾಕ್ಸ್ತಾರಾ ಅಂತ ಕೇಳ್ತಾರೆ ನನ್ನ.”

“ಹಾಕಿಸ್ಬೇಕು. ಮಂಚದಿಂದ ಉರುಳ್ತೀಯಲ್ಲ.”

ಭುಜ ಅಲುಗಲಿಲ್ಲ.

“ಅಮ್ಮ ಇದ್ದಿದ್ರೆ ಬಿಡ್ತಿದ್ಲು.”

ಕೈ ನಿಂತುಹೋಯಿತು. ಅಕ್ಕ ಬಿಡುತ್ತಿದ್ದಳೋ ಇಲ್ಲವೋ, ಯಾರನ್ನು ಕೇಳಲಿ? ಪಿನ್ನು ಸಿಕ್ಕಿಸಿದೆ, ಸ್ವಲ್ಪ ಜೋರಾಗಿಯೇ. ಹಾಗೆ ಮಾಡಬಾರದಿತ್ತು.

ಮಾರ್ಚ್ 13, ಸಂಜೆ

ಕತ್ತರಿಸಿಕೊಂಡಿದ್ದಾಳೆ. ಬಚ್ಚಲಿನ ಕನ್ನಡಿಯೆದುರು, ನನ್ನ ಕತ್ತರಿಯಿಂದಲೇ. ಇಲಿ ಕಡಿದ ಹಾಗೆ, ಕೆಲವು ಕಡೆ ಬುರುಡೆ ಕಾಣುವಷ್ಟು. ಎರಡೂ ಜಡೆ ಬೇಸಿನ್ನಿನ ಪಕ್ಕ, ರಬ್ಬರ್ ಬ್ಯಾಂಡ್ ಸಮೇತ.

“ಹೆಲ್ಮೆಟ್ ಹಾಕ್ಕೋತೀನಿ. ನೀನು ಹೇಳಿದ್ಹಾಗೇ. ಆದ್ರೆ ನಾನೇ ಹಾಕ್ಕೋತೀನಿ. ಇನ್ಮೇಲೆ ಜಡೆನೂ ಬೇಡ, ಏನೂ ಬೇಡ.”

ನಾನು ಗೆದ್ದಂತಾಯಿತು. ಬಾ ಕೂರು, ಸರಿ ಮಾಡ್ತೀನಿ ಅನ್ನಬಹುದಿತ್ತು. ಊರವರ ಕೆಟ್ಟ ಕಟಿಂಗೆಲ್ಲ ಸರಿ ಮಾಡುವವಳು ನಾನು. ಸಿಟ್ಟೂ ಬಂತು, ಅಳುವೂ ಬಂತು, ಎರಡನ್ನೂ ನುಂಗಿದೆ. ಜಡೆಗಳನ್ನು ಪೇಪರಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ.

ಮಾರ್ಚ್ 20

ಬೆಳಿಗ್ಗೆ ಕೈಗೆ ಕೆಲಸವಿಲ್ಲ. ಅವಳು ಕೂರುತ್ತಿದ್ದ ಸ್ಟೂಲು ಬಾಲ್ಕನಿಗೆ ಹೋಗಿದೆ. ತಾನೇ ಹೆಲ್ಮೆಟ್ ಹಾಕಿಕೊಂಡು ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತಾಳೆ. “ಹೋಗ್ತೀನಿ” ಅನ್ನುತ್ತಾಳೆ. ನಾನು ಟೀ ಲೋಟದಿಂದ ತಲೆಯೆತ್ತದೆ “ಹೂಂ” ಅನ್ನುತ್ತೇನೆ. ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರು.

ದಿನವಿಡೀ ಬೇರೆಯವರ ತಲೆ ಸವರಿ, ಮನೆಗೆ ಬಂದು ಕೈ ತೊಳೆದುಕೊಂಡು ಸುಮ್ಮನೆ ಕೂರುತ್ತೇನೆ.

ಮಾರ್ಚ್ 23, ಭಾನುವಾರ, ಆಸ್ಪತ್ರೆ

ಸಲೂನಿನಲ್ಲಿ ಒಬ್ಬರಿಗೆ ಬಣ್ಣ ಹಚ್ಚುತ್ತಿದ್ದೆ. ಕೋಚ್ ಫೋನು. ಅರ್ಧ ಕಪ್ಪು ಅರ್ಧ ಬಿಳಿ ತಲೆಯನ್ನು ಹಾಗೇ ಬಿಟ್ಟು ಓಡಿದೆ.

“ಹೆಲ್ಮೆಟ್ ಹಾಕಿದ್ಲು ಮೇಡಂ. ಗಾಳೀಲಿರುವಾಗ್ಲೇ ಹಿಂದಕ್ಕೆ ಜಾರ್ತು. ಹಣೆ ಅಂಚಿಗೆ ಬಡೀತು.” ಆಸ್ಪತ್ರೆಯ ಬಾಗಿಲಲ್ಲೇ ಕಾದಿದ್ದರು ಕೋಚ್. ಅಂಗಿಯ ಮೇಲೆಲ್ಲ ರಕ್ತ, ಇವಳದು.

ಹುಬ್ಬಿನ ಮೇಲೆ ಹೊಲಿಗೆ. ಸ್ಕ್ಯಾನಿನಲ್ಲಿ ಒಳಗೇನೂ ಇಲ್ಲವಂತೆ, ಡಾಕ್ಟರ್ ಎರಡು ಸಲ ಹೇಳಿದರು, ನನಗೆ ಒಂದೇ ಸಲಕ್ಕೆ ಅರ್ಥವಾಗಲಿಲ್ಲ. ಒಂದು ತಿಂಗಳು ಬೋರ್ಡು ಮುಟ್ಟುವ ಹಾಗಿಲ್ಲ. ತಂಡದ ಆಯ್ಕೆ ಹೋಯಿತು. ಅದನ್ನು ಕೇಳಿ ಗೋಡೆ ಕಡೆ ತಿರುಗಿ ಮಲಗಿದವಳು ಹಾಗೇ ನಿದ್ದೆಹೋದಳು.

ಹೆಲ್ಮೆಟ್ ಕುರ್ಚಿಯ ಕೆಳಗಿತ್ತು. ಎತ್ತಿಕೊಂಡು ಒಳಗೆ ಕೈಯಾಡಿಸಿದೆ. ಆಗ ಹೊಳೆಯಿತು. ಕಳೆದ ವರ್ಷ ಇದನ್ನು ಕೊಳ್ಳುವಾಗ ಟೇಪು ಹಿಡಿದು ಅಳೆದವಳು ನಾನು, ಜಡೆ ಸುತ್ತಿದ ತಲೆಯನ್ನು. “ಕೂದಲು ಬಿಚ್ಚಿ ಅಳೀಬೇಕಲ್ವಾ ಅಕ್ಕಾ?” ಎಂದಿದ್ದ ಅಂಗಡಿಯವನು. “ತಲೆ ವಿಷಯ ನಂಗೆ ಹೇಳ್ಕೊಡ್ಬೇಡಪ್ಪ” ಎಂದು ಅವನ ಬಾಯಿ ಮುಚ್ಚಿಸಿದ್ದೆ. ಇಷ್ಟು ದಿನ ಜಡೆಯೇ ಒಳಗಿನ ಮೆತ್ತೆಯಾಗಿತ್ತು. ಜಡೆ ಹೋಯಿತು, ಹೆಲ್ಮೆಟ್ ಸಡಿಲವಾಯಿತು. ಅದನ್ನೇ ಹಾಕಿಕೊಂಡು ದಿನಾ ನನ್ನ ಕಣ್ಣೆದುರೇ ಬಾಗಿಲು ದಾಟಿದಳು. ಒಂದು ಸಲ ಕೈಯಿಟ್ಟು ನೋಡಿದ್ದರೆ ಸಾಕಿತ್ತು. ಮುನಿಸಿಕೊಂಡು ಕೂತಿದ್ದೆ, ಮೂವತ್ತೊಂಬತ್ತು ವರ್ಷದ ಕತ್ತೆ.

ಮಾರ್ಚ್ 25

ಗ್ರೂಪಿನಲ್ಲಿ ವಕೀಲರು: ‘ಹೆಲ್ಮೆಟ್ ಇದ್ದೂ ಪೆಟ್ಟಾಯಿತು. ಗಮನಿಸಬೇಕಾದ ಅಂಶ.’ ಅದಕ್ಕೆ ಸಾಲುಸಾಲು ಹೆಬ್ಬೆರಳು. ನಾನು ಬರೆದೆ: ‘ಹೆಲ್ಮೆಟ್ಟಿನ ತಪ್ಪಲ್ಲ. ಅಳತೆ ತಪ್ಪಿದ್ದು ನಾನು.’ ಬರೆದು ಗ್ರೂಪಿನಿಂದ ಹೊರಬಂದೆ.

ಭಾವನ ಫೋನು. ಹಿಂದೆ ಇಂಜಿನ್ನಿನ ಸದ್ದು.

“ನಿನ್ನ ಮೇಲೆ ತಪ್ಪು ಹಾಕ್ತಿಲ್ಲಮ್ಮ. ಆದ್ರೆ ನಮ್ಮಕ್ಕನ ಮನೆ ಹತ್ರ ದೊಡ್ಡ ಅಕಾಡೆಮಿ ಇದೆ. ಡಾಕ್ಟ್ರು, ಟ್ರೈನರು, ಎಲ್ಲ ಅಲ್ಲೇ. ನೀನು ತಾನೇ ಎಷ್ಟು ದಿನ ಅಂತ ನೋಡ್ಕೋತೀಯ... ನಿಂದೂ ಒಂದು ಜೀವನ ಇದೆಯಲ್ಲ.”

ಇರುವುದು ಇದೊಂದೇ ಜೀವನ, ಭಾವ. ಅದನ್ನು ಹೇಳಲಿಲ್ಲ. “ಅವಳನ್ನೇ ಕೇಳಿ” ಅಂದೆ. ಫೋನು ಅವಳ ರೂಮಿಗೆ ಹೋಯಿತು. ಬಾಗಿಲ ಹೊರಗೆ ನಿಂತಿದ್ದೆ. ಕೊನೆಗೆ, “ಹೂಂ ಅಪ್ಪ.”

ಮಾರ್ಚ್ 30

ಹೊಲಿಗೆ ಬಿಚ್ಚಿಸಿಕೊಂಡು ಬಂದೆವು. ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು. ಹೇಳಿಬಿಟ್ಟೆ.

“ಹೆಲ್ಮೆಟ್ ಜಾರಿದ್ದು ನನ್ನಿಂದ ಕಣೇ. ಜಡೆ ಮೇಲೆ ಅಳತೆ ತಗೊಂಡಿದ್ದೆ. ಕೂದಲು ಹೋದ್ಮೇಲೆ ಸಡಿಲ ಆಗಿರತ್ತೆ ಅಂತ ಹೊಳೀಲೇ ಇಲ್ಲ.”

ಕಿಟಕಿ ಕಡೆಯೇ ನೋಡುತ್ತಿದ್ದಳು. “ನಂಗೊತ್ತಿತ್ತು. ಮೊದಲನೇ ದಿನಾನೇ ಗೊತ್ತಾಯ್ತು.”

“ಮತ್ಯಾಕೆ ಹೇಳ್ಲಿಲ್ಲ?”

“ನೀನು ನೋಡ್ತೀಯ ಅನ್ಕೊಂಡೆ. ದಿನಾ ಬಾಗಿಲ ಹತ್ರ ನಿಲ್ತಿದ್ದೆ.” ಆಮೇಲೆ ಸಣ್ಣ ದನಿಯಲ್ಲಿ, “ನೀನು ತಲೆ ಎತ್ತಲೇ ಇಲ್ಲ.”

ನಮ್ಮ ಸ್ಟಾಪು ದಾಟಿಹೋಯಿತು. ಇಬ್ಬರೂ ಏಳಲಿಲ್ಲ. ಮುಂದಿನ ಸ್ಟಾಪಿನಲ್ಲಿಳಿದು ಹಿಂದಕ್ಕೆ ನಡೆದು ಬಂದೆವು. ಅವಳ ಕೈ ಹಿಡಿಯಲೋ ಬೇಡವೋ ಎಂದುಕೊಳ್ಳುವಷ್ಟರಲ್ಲಿ ಮನೆ ಬಂದುಬಿಟ್ಟಿತು.

ಏಪ್ರಿಲ್ 4

ಹೊಸ ಹೆಲ್ಮೆಟ್. ಅದೇ ಅಂಗಡಿ. ಈ ಸಲ ಟೇಪು ಅಂಗಡಿಯವನ ಕೈಗೆ ಕೊಟ್ಟು ನಾನು ದೂರ ನಿಂತೆ. ಪಾಪ, ಹಳೆಯದನ್ನೇನೂ ಎತ್ತಿ ಆಡಲಿಲ್ಲ.

“ಕೂದಲು ಬೆಳೆದ್ರೆ ಇದು ಬಿಗಿಯಾಗತ್ತೆ” ಅಂದೆ ದಾರಿಯಲ್ಲಿ. “ಆಗ ಫೋನ್ ಮಾಡು.”

“ಬೆಳೆಸಲ್ಲ.”

“ಹಾಗಿದ್ರೂ ಮಾಡು.”

ಆ ಅಕಾಡೆಮಿಯಲ್ಲಿ ಹೆಲ್ಮೆಟ್ ಹಾಕಲೇಬೇಕೆಂದೇನೂ ಇಲ್ಲವಂತೆ. ಹಾಕಿಕೊಳ್ಳುತ್ತೀಯಾ ಎಂದು ಕೇಳಲಿಲ್ಲ. ಬಟ್ಟೆಯ ಬ್ಯಾಗು ತುಂಬಿಸುವಾಗ ಅದನ್ನು ಎಲ್ಲಕ್ಕಿಂತ ಮೇಲಿಟ್ಟಳು.

ಏಪ್ರಿಲ್ 6, ಬೆಳಿಗ್ಗೆ

ಹತ್ತಕ್ಕೆ ಬಸ್ಸು. ಭಾವನ ಅಕ್ಕ ಕರೆದೊಯ್ಯಲು ಬಂದಿದ್ದಾರೆ, ಹೊರಗಿನ ರೂಮಿನಲ್ಲಿ ಕೂತು ಟೀ ಕುಡಿಯುತ್ತಿದ್ದಾರೆ. ಒಳ್ಳೆಯ ಹೆಂಗಸು, ಬೈಯಲೂ ಕಾರಣವಿಲ್ಲ. ನಾನು ಅಡುಗೆಮನೆಯಲ್ಲಿ ಬರೆಯುತ್ತಾ ನಿಂತಿದ್ದೇನೆ. ಅಲ್ಲಿ ಕೂತರೆ ಅವರೆದುರೇ ಅತ್ತುಬಿಡುತ್ತೇನೆ.

ನಾಳೆ ಬೆಳಿಗ್ಗೆ ಏನು ಮಾಡಲಿ? ಸಲೂನು ಬೇಗ ತೆಗೆಯಬಹುದು...

ಬಾಲ್ಕನಿಯಲ್ಲಿ ಏನೋ ಎಳೆದ ಸದ್ದು. ಬುಗುರಿ. ಸ್ಟೂಲು ತಂದು ನನ್ನ ಮುಂದೆ ಹಾಕಿ, ಬೆನ್ನು ತಿರುಗಿಸಿ ಕೂತುಬಿಟ್ಟಿದ್ದಾಳೆ.

“ಜಡೆ ಹಾಕು.”

“ಎಲ್ಲಿದೆಯೇ ಕೂದಲು?”

“ಇದ್ದಷ್ಟಕ್ಕೆ ಹಾಕು. ನಿಂಗೆ ಹೇಳೋದು ಬೇಕಾದಷ್ಟಿದೆ ಚಿಕ್ಕೀ.”

ಬರೆಯೋದು ನಿಲ್ಲಿಸು ಅನ್ನುತ್ತಿದ್ದಾಳೆ. ಎರಡು ಕೈಯೂ ಬೇಕಂತೆ, ಜಡೆಗೆ—