ಗಂಡು ಬೆಕ್ಕುಗಳನ್ನು ಹೊಟ್ಟೆ ನೀವಿಸಲು ನನ್ನ ಮನೆಗೆ ಕಳಿಸಬೇಡಿ

ನಗರಸಭೆಯ ಪ್ರಾಣಿ ಆರೋಗ್ಯಾಧಿಕಾರಿಗಳೇ,

ಉಚ್ಚೆ ಕಟ್ಟಿ ಸಾಯುತ್ತಿರುವ ಬೆಕ್ಕುಗಳನ್ನು ತಮ್ಮ ಕಚೇರಿಯು ಕಿಟಕಿಯಿಂದಲೇ ತಿರುಗಿಸಿ ನನ್ನ ಮನೆಗೆ ಅಟ್ಟುತ್ತಿದೆ. ಇದು ನಿಲ್ಲಬೇಕು.

ಊರೆಲ್ಲ ಗೌರವದಿಂದ ದೋನ್ಯಾ ಎಂದು ಕರೆಯುವ ನಾನು ಯಾರೆಂದು ತಮ್ಮ ಗುಮಾಸ್ತೆಗೆ ಗೊತ್ತು. ಎಳವೆಯಲ್ಲಿ ಅವಳ ಹೊಟ್ಟೆ ನೀವಿದವಳೂ ನಾನೇ. ತಿಂದದ್ದು ಹೊಟ್ಟೆಯೊಳಗೆ ಅಂಟಿಕೊಂಡರೆ ನಾವು ಎಂಪಾಚೊ ಎನ್ನುತ್ತೇವೆ. ಬೆಚ್ಚಗಿನ ಎಣ್ಣೆ ಹಚ್ಚಿ ನೀವಿ ಇಳಿಸುತ್ತೇವೆ. ನಲವತ್ತು ವರ್ಷ ಈ ಊರಿನ ಮಕ್ಕಳಿಗೆ ಅದನ್ನು ಮಾಡಿದ್ದೇನೆ. ಓದಿದ್ದು ಹೈಸ್ಕೂಲಿನವರೆಗೆ; ಗೋಡೆಗೆ ತೂಗುಹಾಕಲು ತಮ್ಮಂತೆ ಪದವಿಯಿಲ್ಲ. ಆದರೆ ಬಾಗಿಲಿಗೆ ಬಂದವರನ್ನು ವಾರ ನೋಡಿ ವಾಪಸು ಕಳಿಸಿದವಳಲ್ಲ.

ಏಪ್ರಿಲಿನಲ್ಲಿ ನಮ್ಮ ಕೋಕೊ ಗೋದಾಮಿನ ಬೆಕ್ಕು ಕನೆಲೊ, ಉಚ್ಚೆ ಹೊಯ್ಯಲೆಂದು ಇಟ್ಟ ಭತ್ತದ ಹೊಟ್ಟಿನ ಪೆಟ್ಟಿಗೆಯಲ್ಲಿ ಮತ್ತೆ ಮತ್ತೆ ಕೂತು ತಿಣುಕಿತು. ಒಣಗಿದ್ದ ಹೊಟ್ಟು ಒಣಗಿಯೇ ಇತ್ತು. ಬುಟ್ಟಿಯಲ್ಲಿ ಹಾಕಿಕೊಂಡು ತಮ್ಮ ಕಚೇರಿಗೆ ಬಂದೆ. ಗುಮಾಸ್ತೆ ಮುಚ್ಚಳವನ್ನೂ ಎತ್ತಲಿಲ್ಲ.

"ಎಂಪಾಚೊ ಕಣ್ರೀ ದೋನ್ಯಾ ಸೆನೈದಾ. ನಿಮ್ಗೆ ನಾನ್ ಹೇಳ್ಕೊಡ್ಬೇಕಾ? ಮನೇಲೇ ನೀವಿಬಿಡಿ. ಬೆಕ್ಕಿಗೆಲ್ಲ ಗುರುವಾರಾನೇ."

"ಸಾಹೇಬ್ರು ಒಳಗೇ ಇದ್ದಾರಲ್ಲೇ?"

"ಇದ್ದಾರೆ. ನಾಯಿಗಳ ಪಟ್ಟಿ ಬರೀತಿದ್ದಾರೆ."

ಹೊಗಳಿಕೆಗೆ ಉಬ್ಬಿದೆ; ಮುಚ್ಚಿಡುವುದಿಲ್ಲ. ಮನೆಗೆ ಬಂದು ನೀವಿದೆ. ಕೈಗೆ ನಿಂಬೆಹಣ್ಣಿನಷ್ಟು ಗಟ್ಟಿ ಗಂಟು ಸಿಕ್ಕಿತು. ಅಂಟಿಕೊಂಡ ಅನ್ನವೆಂದು ಒತ್ತಿದೆ. ಬೆರಳ ಕೆಳಗೇ ಅದು ಮೆತ್ತಗಾಯಿತು, ಬೆಕ್ಕಿನ ಕೂಗು ನಿಂತಿತು. "ಇಳೀತು ನೋಡು" ಎಂದು ಮಗಳಿಗೆ ಹೆಮ್ಮೆಯಿಂದ ಹೇಳಿದೆ. ಮರುದಿನ ಕನೆಲೊ ಸತ್ತಿತು.

ಕಳೆದ ಸೋಮವಾರ ಬ್ರೆಡ್ ಮಾರುವ ಯಾದಿರಾ ತನ್ನ ಬೆಕ್ಕನ್ನು ಎದೆಗವಚಿಕೊಂಡು ಬಂದಳು. ಅದೂ ಹಾಗೇ ತಿಣುಕುತ್ತಿತ್ತು.

"ಆಫೀಸಿನೋರು ನಿಮ್ಮತ್ರಾನೇ ಹೋಗು ಅಂದ್ರು ದೋನ್ಯಾ. ನಿಮ್ ಕೈಗುಣ ಒಳ್ಳೇದಂತೆ."

"ಆ ಕೈಗುಣ ಎಂಥದ್ದು ಅಂತ ಕನೆಲೊನ ಕೇಳ್ಬೇಕಿತ್ತು. ನಡಿಯೇ, ಬಂದ ದಾರೀಲೇ ಹೋಗೋಣ."

ತಮ್ಮ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿ ಕೂತೆ. ತಮಗೆ ಊಟಕ್ಕೆ ಹೋಗುವ ಹೊತ್ತು. ನನ್ನನ್ನು ದಾಟುವ ಧೈರ್ಯ ಇರಲಿಲ್ಲ. ಬೇರೆ ದಾರಿಯಿಲ್ಲದೆ ಬೆಕ್ಕನ್ನು ನೋಡಿದಿರಿ. ಮಂಪರಿನ ಮದ್ದು ಕೊಟ್ಟು ತೆಳ್ಳನೆಯ ಕೊಳವೆ ತೂರಿಸುತ್ತಾ ಯಾದಿರಾಗೆ ಗದರಿದಿರಿ: "ಗಂಡು ಬೆಕ್ಕಿನ ಮೂತ್ರನಾಳ ಕೂದಲೆಳೆ ಅಷ್ಟೇ ಇರೋದು. ಮರಳಿನಂಥ ಹರಳು ಸಿಕ್ಕೊಂಡ್ರೆ ಎರಡು ಮೂರು ದಿನದಲ್ಲಿ ಸಾಯುತ್ತೆ. ಹೊಟ್ಟೆ ಒತ್ತಿದ್ರೆ ಮೂತ್ರದ ಚೀಲಾನೇ ಒಡೆದುಹೋಗುತ್ತೆ. ಅಷ್ಟೂ ಗೊತ್ತಾಗಲ್ವಾ?"

ಯಾದಿರಾಳ ಬೆಕ್ಕು ಬದುಕಿದೆ. ನನ್ನ ಕೈ ಏನು ಮಾಡಿತ್ತೆಂದು ನನಗೆ ಅಲ್ಲಿ, ಆ ಕುರ್ಚಿಯಲ್ಲಿ ತಿಳಿಯಿತು.

ಹಾಗಾದರೆ ತಮ್ಮ ಬಳಿ ವಿದ್ಯೆ ಇತ್ತು, ಕೊಳವೆ ಇತ್ತು. ತಿಳಿಯದೆ ಕೊಂದವಳು ನಾನು. ತಿಳಿದೂ ಕಿಟಕಿ ಮುಚ್ಚಿದವರನ್ನು ಏನೆನ್ನಬೇಕು? ಗುರುವಾರದವರೆಗೆ ಉಚ್ಚೆ ಹಿಡಿದಿಟ್ಟುಕೊಳ್ಳಿ ಎಂದು ತಮಗೆ ಯಾರಾದರೂ ಆಜ್ಞೆ ಮಾಡಿದ್ದಾರೆಯೇ?

ತಿಣುಕಿಯೂ ಹನಿ ಹಾಕದ ಗಂಡು ಬೆಕ್ಕನ್ನು ಬಂದ ದಿನ, ಬಂದ ಗಳಿಗೆಯಲ್ಲೇ ನೋಡಿ. ಅದರ ಹೊಟ್ಟೆ ಒತ್ತಬಾರದೆಂದು ಕಿಟಕಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. ಕೆಳಗೆ ನನ್ನ ಹೆಸರನ್ನೂ ಹಾಕಿಸಿ: ಸೆನೈದಾ ಕಿಮಿಸ್ ಒತ್ತಿದಳು, ಬೆಕ್ಕು ಸತ್ತಿತು ಎಂದು. ತಮ್ಮ ಮೊಹರನ್ನು ಈ ಊರಿನಲ್ಲಿ ಯಾರೂ ನಂಬುವುದಿಲ್ಲ. ನನ್ನನ್ನು ನಂಬುತ್ತಾರೆ.

ಇಂತಿ,
ಇನ್ನು ಮಕ್ಕಳ ಹೊಟ್ಟೆ ಮಾತ್ರ ನೀವುವ
ಸೆನೈದಾ ಕಿಮಿಸ್